ಒಂದೇ ಡಿಕಾಕ್ಷನ್, ನಾಲ್ಕು ಲೋಟ: ಕರಾವಳಿ ಮನೆಯ ಫಿಲ್ಟರ್ ಕಾಫಿ

ನಮ್ಮ ಮನೆಯಲ್ಲಿ ನಾಲ್ಕು ಜನ, ನಾಲ್ಕು ಬಗೆಯ ಕಾಫಿ. ಅತ್ತೆಗೆ ಬೆಲ್ಲ ಹಾಕಿದ್ದೇ ಆಗಬೇಕು, ಹಾಲು ಧಾರಾಳ ಇರಬೇಕು. ಗಂಡನಿಗೆ ಬಣ್ಣ ಕಡುವಾಗಿರಬೇಕು, ಸಕ್ಕರೆ ಒಂದೂವರೆ ಚಮಚ. ಮಾರ್ಚ್ ತಿಂಗಳ ಸೆಕೆ ಶುರುವಾದರೆ ಮಗಳಿಗೆ ತಣ್ಣಗಿನದು. ನನಗೆ ಸಕ್ಕರೆಯೇ ಬೇಡ. ಮದುವೆಯಾಗಿ ಕಲ್ಯಾಣಪುರದ ಈ ಮನೆಗೆ ಬಂದ ಹೊಸತರಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಕಾಫಿ ಕಾಸುತ್ತಾ ಬೆಳಗ್ಗಿನ ಹೊತ್ತೆಲ್ಲ ಒಲೆಯ ಮುಂದೆಯೇ ಹೋಗುತ್ತಿತ್ತು. ವರ್ಷಗಳ ಮೇಲೆ ಕೈಗೆ ಹತ್ತಿದ ವಿಷಯ ಇಷ್ಟು: ಬೇರೆಯಾಗಬೇಕಾದ್ದು ಲೋಟ, ಡಿಕಾಕ್ಷನ್ ಅಲ್ಲ. ಡಿಕಾಕ್ಷನ್ ಒಂದು ಹದವಾಗಿ ಇಳಿದರೆ ಉಳಿದದ್ದನ್ನು ಅವರವರ ಲೋಟದಲ್ಲೇ ಸರಿಮಾಡಬಹುದು. ಡಿಕಾಕ್ಷನ್ ಕೆಟ್ಟರೆ ಎಷ್ಟು ಸಕ್ಕರೆ ಸುರಿದರೂ, ಎಷ್ಟು ಗಟ್ಟಿ ಹಾಲು ಹಾಕಿದರೂ ಆ ದಿನದ ಕಾಫಿ ಕೆಟ್ಟ ಹಾಗೆಯೇ.

ಹಾಗಾಗಿ ಈ ಬರಹದ ಮುಕ್ಕಾಲು ಪಾಲು ಡಿಕಾಕ್ಷನ್ ಬಗ್ಗೆಯೇ. ಅಳತೆಗಳನ್ನೆಲ್ಲ ಕೊಡುತ್ತೇನೆ. ಆದರೆ ಅವು ನಿಮ್ಮ ಬಾಯಿಗೆ ಸರಿಹೊಂದುವ ತನಕ ತಿದ್ದಿಕೊಳ್ಳಲಿಕ್ಕೆ ಇರುವ ಅಳತೆಗಳು.

ಪುಡಿ ಆರಿಸುವುದು

ನಾವು ಕಾಫಿ ಬೆಳೆಯುವ ಸೀಮೆಯ ಬುಡದಲ್ಲೇ ಇದ್ದೇವೆ. ಚಾರ್ಮಾಡಿ ಹತ್ತಿದರೆ ಚಿಕ್ಕಮಗಳೂರು, ಶಿರಾಡಿ ಹತ್ತಿದರೆ ಸಕಲೇಶಪುರ, ಸಂಪಾಜೆ ಹತ್ತಿದರೆ ಕೊಡಗು. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವುದು ಕರ್ನಾಟಕದಲ್ಲೇ. ಇಷ್ಟು ಹತ್ತಿರವಿದ್ದೂ ತಿಂಗಳುಗಟ್ಟಲೆ ಅಂಗಡಿಯ ಕಪಾಟಿನಲ್ಲಿ ಕೂತ ಪುಡಿಯನ್ನು ತರುವುದು ನನಗಂತೂ ಸರಿ ಕಾಣುವುದಿಲ್ಲ. ಕಣ್ಣೆದುರೇ ಬೀಜ ಪುಡಿ ಮಾಡಿಕೊಡುವ ಅಂಗಡಿ ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ನಿಮ್ಮ ದಾರಿಯಲ್ಲಿದ್ದರೆ ಅಲ್ಲಿಗೇ ಹೋಗಿ. ಬೀಜ ಹುರಿದದ್ದು ಯಾವತ್ತು ಎಂದು ಕೇಳಿ. ವಾರದೊಳಗಿನದಾದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ.

ಅಂಗಡಿಯವರು ಹೇಳುವ ಹೆಸರುಗಳು ಮೊದಲಿಗೆ ಗೊಂದಲ ಮಾಡುತ್ತವೆ. ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ, ಅರೇಬಿಕಾ ಮತ್ತು ರೋಬಸ್ಟಾ. ಪ್ಲಾಂಟೇಶನ್ ಎಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಅರೇಬಿಕಾ. ಚೆರಿ ಎಂದರೆ ಹಣ್ಣನ್ನು ಹಾಗೇ ಅಂಗಳದಲ್ಲಿ ಒಣಗಿಸಿ ಆಮೇಲೆ ಸಿಪ್ಪೆ ಬಿಡಿಸಿದ್ದು. ಪೀಬೆರಿ ಬೇರೆ ಜಾತಿಯಲ್ಲ; ಹಣ್ಣಿನೊಳಗೆ ಎರಡು ಬೀಜ ಆಗುವ ಬದಲು ಒಂದೇ ಬೀಜ ಗುಂಡಗೆ ಬೆಳೆದರೆ ಅದು ಪೀಬೆರಿ. ಅರೇಬಿಕಾದಲ್ಲಿ ಪರಿಮಳ, ತುಸು ಹುಳಿ. ರೋಬಸ್ಟಾದಲ್ಲಿ ಕಹಿ ಹೆಚ್ಚು, ದಪ್ಪ ಹೆಚ್ಚು, ಕೆಫೀನ್ ಹತ್ತಿರಹತ್ತಿರ ಎರಡು ಪಟ್ಟು. ಹಾಲು ಬೆರೆಸಿ ಕುಡಿಯುವ ನಮಗೆ ಬರೀ ಅರೇಬಿಕಾ ಸಾಲದು ಎಂದು ನನ್ನ ಅನುಭವ. ಹಾಲಿನಲ್ಲಿ ಅದರ ಸೂಕ್ಷ್ಮವೆಲ್ಲ ಮುಳುಗಿಬಿಡುತ್ತದೆ. ನಮ್ಮ ಮನೆಗೆ ಎರಡು ಪಾಲು ಪ್ಲಾಂಟೇಶನ್, ಒಂದು ಪಾಲು ರೋಬಸ್ಟಾ. ಗಂಡನ ಮನಸ್ಸಿಗೆ ಬಿಟ್ಟರೆ ಸಮ ಸಮ ಆಗುತ್ತಿತ್ತು.

ಚಿಕೋರಿ ಬಗ್ಗೆ ಜಗಳ ಮುಗಿಯುವಂಥದ್ದಲ್ಲ. ಅದು ಕಾಫಿಯಲ್ಲ, ಒಂದು ಗಿಡದ ಬೇರು. ಒಣಗಿಸಿ ಹುರಿದು ಪುಡಿ ಮಾಡಿದ್ದು. ಅದರಲ್ಲಿ ಕೆಫೀನ್ ಇಲ್ಲ. ಬಿಸಿನೀರು ತಾಗಿದ ಕೂಡಲೇ ಕರಗುವುದರಿಂದ ಡಿಕಾಕ್ಷನ್‌ಗೆ ಬಣ್ಣವನ್ನೂ ದಪ್ಪವನ್ನೂ ಬೇಗ ಕೊಡುತ್ತದೆ, ಒಂದು ಬಗೆಯ ಸಿಹಿಗಹಿಯನ್ನೂ ಕೊಡುತ್ತದೆ. ಪರಿಮಳ ಮಾತ್ರ ಕಾಫಿಯಿಂದಲೇ ಬರಬೇಕು. ಪ್ಯಾಕೆಟ್ ಪುಡಿ ತರುವವರು ಅದರ ಮೇಲೆ ಬರೆದ ಪ್ರಮಾಣ ಓದಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪಾಲನ್ನೂ ಪ್ಯಾಕೆಟ್ ಮೇಲೆ ನಮೂದಿಸಬೇಕು ಎಂದು ನಿಯಮ ಉಂಟು. ಅದನ್ನು ಓದದೆ ವರ್ಷಗಟ್ಟಲೆ ಅರ್ಧಕ್ಕರ್ಧ ಚಿಕೋರಿ ಕುಡಿಯುತ್ತಾ, ‘ಈಗಿನ ಕಾಫಿಗೆ ಮೊದಲಿನ ಪರಿಮಳವೇ ಇಲ್ಲ’ ಎನ್ನುವವರನ್ನು ನಾನು ನೋಡಿದ್ದೇನೆ.

ಮೊದಲ ಸಲ ಮನೆಯ ಹದ ಹುಡುಕುವವರು ಶೇ. 20 ಚಿಕೋರಿಯಿಂದ ಶುರುಮಾಡಿ. ಹತ್ತು ದಿನ ಕುಡಿಯಿರಿ. ತೆಳು ಅನಿಸಿದರೆ 30ಕ್ಕೆ ಏರಿಸಿ, ನಾಲಗೆಗೆ ಬೇರಿನ ಕಹಿ ಅಂಟಿದ ಹಾಗಾದರೆ 10ಕ್ಕೆ ಇಳಿಸಿ. ನಾವು 15ರಲ್ಲಿ ನಿಂತಿದ್ದೇವೆ.

ತರಿ ಎಷ್ಟಿರಬೇಕು ಎಂದರೆ, ಚಿರೋಟಿ ರವೆಗಿಂತ ನುಣ್ಣಗೆ, ಗೋಧಿ ಹಿಟ್ಟಿಗಿಂತ ಒರಟು. ‘ಫಿಲ್ಟರ್‌ಗೆ’ ಎಂದು ಹೇಳಿದರೆ ಅಂಗಡಿಯವರಿಗೆ ತಿಳಿಯುತ್ತದೆ.

ಮಳೆಗಾಲದಲ್ಲಿ ಪುಡಿ ಕಾಪಾಡುವುದು

ಒಂದು ವರ್ಷ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು ಮನೆಗೆ ಬೇಕಾದ್ದೆಲ್ಲ ತಂದಿಡುವಾಗ, ಅಕ್ಕಿ ಬೇಳೆಯ ಜೊತೆ ಒಂದು ಕಿಲೋ ಕಾಫಿ ಪುಡಿಯನ್ನೂ ತಂದು ದೊಡ್ಡ ಡಬ್ಬಿಗೆ ತುಂಬಿದ್ದೆ. ಆಟಿ (ತುಳುವರ ಮಳೆಗಾಲದ ತಿಂಗಳು) ಬರುವಷ್ಟರಲ್ಲಿ ಪುಡಿ ಹೆಂಟೆ ಕಟ್ಟಿತ್ತು, ಮುಚ್ಚಳ ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, “ಇದೆಂತ ಮಾರಾಯ್ತಿ, ಕಾಫಿಯಾ ಕಷಾಯವಾ?” ಎಂದು ಕೇಳಿದರು. ಅರ್ಧ ಕಿಲೋ ಪುಡಿ ತೆಂಗಿನ ಬುಡಕ್ಕೆ ಹೋಯಿತು.

ಹುರಿದ ಕಾಫಿ ಗಾಳಿಯ ತೇವವನ್ನು ಹೀರುತ್ತದೆ, ಪುಡಿಯಾದರೆ ಇನ್ನೂ ಬೇಗ ಹೀರುತ್ತದೆ. ನಮ್ಮ ಕರಾವಳಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯಲ್ಲಿ ನೀರೇ ತುಂಬಿರುತ್ತದೆ. ಇದೇ ಗಾಳಿ ಹಸಿ ಬೀಜಕ್ಕೆ ಮಾತ್ರ ಬೇರೆಯೇ ಕೆಲಸ ಮಾಡುತ್ತದೆ. ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿಯ ಹೆಸರು ಕೇಳಿರಬಹುದು. ಹಾಯಿಹಡಗುಗಳ ಕಾಲದಲ್ಲಿ ಇಲ್ಲಿಂದ ಯುರೋಪಿಗೆ ಹೋಗುವ ಕಾಫಿ ತಿಂಗಳುಗಟ್ಟಲೆ ಕಡಲ ತೇವದಲ್ಲಿ ನೆನೆದು, ಉಬ್ಬಿ, ಬಣ್ಣ ಕಳೆದುಕೊಂಡು ತಲಪುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ರೂಢಿಯಾಯಿತು. ಪ್ರಯಾಣದ ಅವಧಿ ಕಡಿಮೆಯಾದ ಮೇಲೆ ಆ ರುಚಿ ತಪ್ಪಿದ್ದಕ್ಕೆ, ಮಳೆಗಾಲದಲ್ಲಿ ಬದಿ ತೆರೆದ ಗೋದಾಮುಗಳಲ್ಲಿ ಬೀಜ ಹರಡಿ, ಆಗಾಗ ಕೈಯಾಡಿಸಿ, ಕಡಲ ಗಾಳಿಗೆ ಬಿಡುವ ಕ್ರಮ ಬಂತು. ಮಂಗಳೂರು ಈ ಕೆಲಸದ ಮುಖ್ಯ ಜಾಗ. ಬೀಜದ ಹುಳಿ ತಗ್ಗಿ, ಬಣ್ಣ ಹಳದಿ ಬಿಳುಪಾಗುತ್ತದೆ. ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಉಂಟು. ಹೆಚ್ಚಿನದೆಲ್ಲ ಹೊರದೇಶಕ್ಕೆ ಹೋಗುತ್ತದೆ. ಸಿಕ್ಕಿದರೆ ಒಮ್ಮೆ ಹಾಲಿಲ್ಲದೆ ಕುಡಿದು ನೋಡಿ, ಹುಳಿ ಆಗದವರಿಗೆ ಬಹಳ ಹಿಡಿಸುವ ಕಾಫಿ.

ಮನೆಯ ಪುಡಿಗೆ ಬರೋಣ. ಮಳೆಗಾಲದಲ್ಲಿ 100 ಗ್ರಾಂ, ಉಳಿದ ಕಾಲದಲ್ಲಿ 250 ಗ್ರಾಂ, ಅದಕ್ಕಿಂತ ಹೆಚ್ಚು ಒಂದು ಸಲಕ್ಕೆ ತರಬೇಡಿ. ಪ್ಲಾಸ್ಟಿಕ್ ಡಬ್ಬಿ ಬೇಡ, ಹಿಂದೆ ಏನಿತ್ತೋ ಅದರ ವಾಸನೆ ಅದರಲ್ಲಿ ಉಳಿದಿರುತ್ತದೆ. ತಿರುಪು ಮುಚ್ಚಳದ ಗಾಜಿನ ಬಾಟಲಿಯಾದರೆ ಒಳ್ಳೆಯದು. ಬಾಟಲಿ ಸಣ್ಣದಿರಲಿ, ದೊಡ್ಡದರಲ್ಲಿ ಸ್ವಲ್ಪ ಪುಡಿಯಿದ್ದರೆ ಉಳಿದ ಜಾಗವೆಲ್ಲ ಗಾಳಿಯದ್ದೇ. ಒಲೆಯ ಪಕ್ಕ, ಅನ್ನದ ಹಬೆ ತಾಗುವಲ್ಲಿ ಇಡಬಾರದು. ಒದ್ದೆ ಚಮಚ ಹಾಕಲೇಬಾರದು. ಫ್ರಿಜ್ಜಿನಲ್ಲಿ ಇಟ್ಟು ದಿನಾ ಹೊರಗೆ ತೆಗೆದರೆ ತಣ್ಣಗಿನ ಪುಡಿಯ ಮೇಲೆ ಗಾಳಿಯ ತೇವ ಬಂದು ಕೂರುತ್ತದೆ, ಅದು ಹೊರಗಿಡುವುದಕ್ಕಿಂತ ಕೆಟ್ಟದ್ದು. ಇಡಲೇಬೇಕಾದರೆ ವಾರವಾರಕ್ಕೆ ಬೇಕಾದಷ್ಟನ್ನು ಸಣ್ಣ ಪೊಟ್ಟಣ ಮಾಡಿ ಫ್ರೀಜರ್‌ನಲ್ಲಿಡಿ. ಒಂದು ಪೊಟ್ಟಣ ಹೊರಗೆ ತೆಗೆದ ಮೇಲೆ ಅದರ ಚಳಿ ಪೂರ್ತಿ ಬಿಟ್ಟ ನಂತರವೇ ಬಿಚ್ಚಿ, ಮತ್ತೆ ಒಳಗಿಡಬೇಡಿ.

ನೀರು

ಮುರಕಲ್ಲಿನ ಬಾವಿಯ ನೀರು ಮೆದು, ಕಾಫಿಗೆ ಚೆನ್ನ. ಆದರೆ ಹೊಳೆ ಬದಿಯ, ಅಳಿವೆ ಹತ್ತಿರದ ಮನೆಗಳಲ್ಲಿ ಏಪ್ರಿಲ್–ಮೇ ಬಂದರೆ ನೀರಿಗೆ ಉಪ್ಪಿನ ಸೆಲೆ ಸೇರುತ್ತದೆ. ಅಂಥ ನೀರಿನಲ್ಲಿ ಡಿಕಾಕ್ಷನ್ ಹಾಕಬೇಡಿ, ಹಾಲೂ ಒಡೆದೀತು. ತುಂಬೆಯಿಂದ ಬರುವ ಮಂಗಳೂರಿನ ನಳ್ಳಿ ನೀರಿಗೂ ಬಜೆಯಿಂದ ಬರುವ ಉಡುಪಿಯ ನಳ್ಳಿ ನೀರಿಗೂ ಕ್ಲೋರಿನ್ ವಾಸನೆ ಇದ್ದರೆ, ರಾತ್ರಿ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟು ಬೆಳಗ್ಗೆ ಬಳಸಿ. ನೀರು ಶುದ್ಧ ಮಾಡುವ ಯಂತ್ರದಲ್ಲಿ ಲವಣವೆಲ್ಲ ತೆಗೆದ ನೀರಿನ ಕಾಫಿ ಸಪ್ಪೆ ಬರುತ್ತದೆ.

ಡಿಕಾಕ್ಷನ್ ಇಳಿಸುವುದು

ನಾಲ್ಕು ಜನರಿಗೆ ನನ್ನ ಲೆಕ್ಕ: 24 ಗ್ರಾಂ ಪುಡಿ, 180 ಮಿ.ಲೀ. ನೀರು. ಪುಡಿ ತನ್ನ ತೂಕದ ಸುಮಾರು ಎರಡು ಪಟ್ಟು ನೀರನ್ನು ತಾನೇ ಹಿಡಿದುಕೊಳ್ಳುವುದರಿಂದ ಕೆಳಗೆ ಸಿಗುವುದು 130 ಮಿ.ಲೀ. ಡಿಕಾಕ್ಷನ್. ತಲೆಗೆ 30 ಮಿ.ಲೀ. ಹಾಕಿದರೂ ಸ್ವಲ್ಪ ಉಳಿಯುತ್ತದೆ. ಚಮಚದ ಲೆಕ್ಕ ಎಲ್ಲ ಮನೆಯಲ್ಲೂ ಒಂದೇ ಅಲ್ಲ, ಅದಕ್ಕೆ ಒಂದು ಸಲ ಮಾತ್ರ ತೂಗಿ ನೋಡಿ. ನಿಮ್ಮ ಚಮಚದಲ್ಲಿ ಎಷ್ಟು ಬರುತ್ತದೆ ಎಂದು ತಿಳಿದ ಮೇಲೆ ತಕ್ಕಡಿ ಬೇಡ.

ಫಿಲ್ಟರಿನ ಮೇಲಿನ ಪಾತ್ರೆ ಪೂರ್ತಿ ಒಣಗಿರಬೇಕು. ತಳದಲ್ಲಿ ನೀರಿನ ಪಸೆ ಇದ್ದರೆ ಪುಡಿ ತೂತುಗಳಿಗೆ ಮೆತ್ತಿಕೊಂಡು ಅಲ್ಲೇ ಕಟ್ಟುತ್ತದೆ. ಮಳೆಗಾಲದಲ್ಲಿ ನಾನು ಪಾತ್ರೆಯನ್ನು ಸಣ್ಣ ಉರಿಯ ಮೇಲೆ ಅರ್ಧ ನಿಮಿಷ ಆಡಿಸಿ, ಆರಲು ಬಿಟ್ಟು, ಆಮೇಲೆ ಪುಡಿ ಹಾಕುತ್ತೇನೆ.

ಪುಡಿ ಹಾಕಿ ಪಾತ್ರೆಯ ಬದಿಗೆ ಎರಡು ಸಲ ಮೆಲ್ಲಗೆ ತಟ್ಟಿ, ಮಟ್ಟವಾಗಲಿ. ಮೇಲೆ ಕೊಡೆಯಂಥ ಬಿಲ್ಲೆ ಇಟ್ಟು ಒಂದೇ ಸಲ ಹಗುರಾಗಿ ಒತ್ತಿ. ಈ ಒತ್ತುವ ಬಲದಲ್ಲೇ ಅರ್ಧ ವಿದ್ಯೆ ಇರುವುದು. ಬಲವಾಗಿ ಒತ್ತಿದರೆ ನೀರು ಇಳಿಯುವುದಿಲ್ಲ, ಒತ್ತದೆ ಬಿಟ್ಟರೆ ಐದೇ ನಿಮಿಷದಲ್ಲಿ ಸುರಿದುಹೋಗಿ ತೆಳು ಬಣ್ಣದ ನೀರಾಗುತ್ತದೆ. ಪಕ್ಕದ ಮನೆಗೆ ಕೊಡುವ ಹಿಟ್ಟಿನ ಪಾವನ್ನು ಕೈಯಲ್ಲಿ ತಟ್ಟಿ ಮಟ್ಟ ಮಾಡುತ್ತೇವಲ್ಲ, ಅಷ್ಟೇ ಬಲ ಸಾಕು.

ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಡಿ. ಕಡಲ ಮಟ್ಟದಲ್ಲಿರುವ ನಮ್ಮಲ್ಲಿ ನೀರು 100 ಡಿಗ್ರಿಯಲ್ಲೇ ಕುದಿಯುತ್ತದೆ, ಕೊತಕೊತ ಕುದಿವ ನೀರು ನೇರ ಬಿದ್ದರೆ ಕಹಿ ಮೊದಲು ಬಿಡುತ್ತದೆ. ಮೊದಲಿಗೆ ಮೂರು ಚಮಚ ನೀರನ್ನು ಸುತ್ತಲೂ ಹನಿಸಿ ಪುಡಿಯನ್ನು ತೋಯಿಸಿ, ಇನ್ನೊಂದು ಅರ್ಧ ನಿಮಿಷ ಕಾಯಿರಿ. ಹೊಸದಾಗಿ ಹುರಿದ ಪುಡಿಯಾದರೆ ಸಣ್ಣ ಗುಳ್ಳೆ ಎದ್ದು ಉಬ್ಬುತ್ತದೆ. ಹುರಿಯುವಾಗ ಒಳಗೆ ಸಿಕ್ಕಿದ ಇಂಗಾಲದ ಡೈಆಕ್ಸೈಡ್ ಹೊರಬರುವುದು ಅದು. ಅಂಗಡಿಯವರು ಹೇಳಿದ ತಾರೀಕು ನಿಜವೋ ಎಂದು ತಿಳಿಯುವ ಉಪಾಯವೂ ಇದೇ, ಉಬ್ಬದ ಪುಡಿ ಹಳೆಯದು. ಆಮೇಲೆ ಉಳಿದ ನೀರನ್ನು ಬಿಲ್ಲೆಯ ಮೇಲೆ ನಿಧಾನ ಹೊಯ್ದು ಮುಚ್ಚಳ ಹಾಕಿ.

15ರಿಂದ 25 ನಿಮಿಷದಲ್ಲಿ ಇಳಿದರೆ ಹದ. ಆ ಹೊತ್ತಿಗೆ ಬೆಳಗ್ಗಿನ ನೀರುದೋಸೆಗೆ ಕಾವಲಿ ಇಡಬಹುದು.

ನೀರು ಅರ್ಧದಲ್ಲಿ ನಿಂತುಹೋದರೆ ಗಾಬರಿಯಾಗಿ ಚಮಚದಿಂದ ಕಲಕಬೇಡಿ, ಪುಡಿ ಕೆಳಗಿಳಿದು ಡಿಕಾಕ್ಷನ್ ಬಗ್ಗಡವಾಗುತ್ತದೆ. ಬಹಳ ಸಲ ಕಾರಣ ಪುಡಿಯಲ್ಲ, ಗಾಳಿ. ಮೇಲಿನ ಪಾತ್ರೆ ಕೆಳಗಿನದಕ್ಕೆ ಬಿಗಿಯಾಗಿ ಕೂತಿದ್ದರೆ ಕೆಳಗಿನ ಗಾಳಿಗೆ ಹೊರಹೋಗಲು ದಾರಿ ಇರುವುದಿಲ್ಲ, ಹನಿ ನಿಲ್ಲುತ್ತದೆ. ಬಟ್ಟೆಯಲ್ಲಿ ಹಿಡಿದು ಮೇಲಿನದನ್ನು ಸ್ವಲ್ಪ ಎತ್ತಿ ಸಡಿಲವಾಗಿ ಕೂರಿಸಿ, ಕೂಡಲೇ ಹನಿ ಶುರುವಾಗುತ್ತದೆ. ಆಗಲೂ ಇಳಿಯದಿದ್ದರೆ ಪುಡಿ ಅತಿ ನುಣ್ಣಗಾಗಿದೆ, ಇಲ್ಲವೇ ತೂತು ಕಟ್ಟಿದೆ.

ಎರಡನೇ ಸಲ ನೀರು ಹಾಕಿ ಇಳಿಸುವುದು ಹಲವು ಮನೆಗಳ ರೂಢಿ. ಅದರಲ್ಲಿ ಬರುವುದು ಹೆಚ್ಚಾಗಿ ಕಹಿಯೇ. ನಾನು ಮಾಡುವುದಿಲ್ಲ. ಹಾಲು ಹೆಚ್ಚು ಕುಡಿಯುವವರಿಗೆ ಮೊದಲಿನದರ ಜೊತೆ ಒಂದೆರಡು ಚಮಚ ಬೆರೆಸಿದರೆ ತೊಂದರೆಯಿಲ್ಲ.

ಇಳಿದ ಡಿಕಾಕ್ಷನ್ ಅನ್ನು ಒಲೆಯ ಮೇಲಿಟ್ಟು ಕುದಿಸಲೇಬಾರದು. ಆರಿದ್ದರೆ ಡಿಕಾಕ್ಷನ್ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಎರಡು ನಿಮಿಷ ಇಡಿ. ಸಂಜೆಗೆ ಉಳಿಸುವುದಾದರೆ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಮರುದಿನಕ್ಕೆ ಪರಿಮಳ ಉಳಿಯುವುದಿಲ್ಲ.

ಹಾಲು

ನಾವು ಬಳಸುವುದು ನಂದಿನಿ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಕಾಫಿಗೆ ಅದೇ ಸಾಕು. ಇನ್ನೂ ಗಟ್ಟಿ ಹಾಲು ಹಾಕಿದರೆ ನಾಲಗೆಗೆ ಹಾಲೇ ಮುಂದಾಗುತ್ತದೆ. ನೀರು ಸೇರಿಸಬೇಡಿ. ಉಕ್ಕು ಬಂದ ಕೂಡಲೇ ಇಳಿಸಿ. ಬೆಳಗ್ಗೆ ಕಾಸಿದ ಹಾಲನ್ನು ಮತ್ತೆ ಮತ್ತೆ ಕುದಿಸಿದರೆ ಬೆಂದ ವಾಸನೆ ಹತ್ತಿ, ಯಾವ ಡಿಕಾಕ್ಷನ್ ಹಾಕಿದರೂ ಅದನ್ನು ಮುಚ್ಚಿಬಿಡುತ್ತದೆ.

ಲೋಟಕ್ಕೆ ಮೊದಲು ಡಿಕಾಕ್ಷನ್, ಆಮೇಲೆ ಹಾಲು. ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಎರಡು ಮೂರು ಸಲ ಎತ್ತಿ ಹೊಯ್ಯುವುದು ನೊರೆಗೆ ಮಾತ್ರ ಅಲ್ಲ, ಬಾಯಿ ಸುಡದ ಬಿಸಿಗೆ ಬರಲಿಕ್ಕೂ ಹೌದು. ಸುಡುವ ಕಾಫಿಯಲ್ಲಿ ನಾಲಗೆಗೆ ರುಚಿಯೇ ತಿಳಿಯುವುದಿಲ್ಲ.

ನಾಲ್ಕು ಲೋಟ

ಗಂಡನದ್ದು ಸುಲಭ: 40 ಮಿ.ಲೀ. ಡಿಕಾಕ್ಷನ್, 80 ಹಾಲು, ಸಕ್ಕರೆ. ನನ್ನದು 30ಕ್ಕೆ 50 ಹಾಲು, ಸಕ್ಕರೆಯಿಲ್ಲ. ಸಕ್ಕರೆ ಬಿಡಬೇಕು ಎನ್ನುವವರು ಒಮ್ಮೆಲೇ ಬಿಡದೆ ವಾರಕ್ಕೆ ಕಾಲು ಚಮಚದ ಹಾಗೆ ಇಳಿಸಿ, ನಾನು ಹಾಗೇ ಬಿಟ್ಟದ್ದು.

ಅತ್ತೆಯ ಲೋಟಕ್ಕೆ ಜಾಗ್ರತೆ ಬೇಕು. ಅವರ ತವರು ಕಾರ್ಕಳದ ಕಡೆ. ಅಲ್ಲಿ ಫಿಲ್ಟರ್ ಇರಲಿಲ್ಲವಂತೆ. ಬೆಲ್ಲ ಹಾಕಿದ ನೀರು ಕುದಿಸಿ, ಇಳಿಸಿ, ಪುಡಿ ಹಾಕಿ ಮುಚ್ಚಿಡುವುದು; ಪುಡಿ ಕೆಳಗೆ ಕೂತ ಮೇಲೆ ಬಟ್ಟೆಯಲ್ಲಿ ಸೋಸುವುದು. ಕೈಯಲ್ಲಿ ಫಿಲ್ಟರ್ ಇಲ್ಲದವರು ಇವತ್ತಿಗೂ ಹಾಗೆ ಮಾಡಬಹುದು: ಪುಡಿ ಹಾಕಿದ ಮೇಲೆ ಕುದಿಸದೆ ಐದು ನಿಮಿಷ ಮುಚ್ಚಿಟ್ಟರೆ ಸಾಕು. ಬೆಲ್ಲದ ಕಾಫಿಯ ದೊಡ್ಡ ತೊಂದರೆ ಹಾಲು ಒಡೆಯುವುದು. ಬೆಲ್ಲದಲ್ಲಿ ಸ್ವಲ್ಪ ಹುಳಿಯಂಶ ಇರುತ್ತದೆ, ಕಾಫಿಯಲ್ಲೂ ಇದೆ, ಎರಡೂ ಕುದಿಯುವ ಹಾಲಿಗೆ ಸೇರಿದರೆ ಹಾಲು ತಾಳುವುದಿಲ್ಲ. ಆದ್ದರಿಂದ ಬೆಲ್ಲವನ್ನು ಎರಡು ಚಮಚ ಬಿಸಿನೀರಿನಲ್ಲಿ ಕರಗಿಸಿ, ಕಲ್ಲು ಕಸ ಸೋಸಿ, ಲೋಟದಲ್ಲಿ ಡಿಕಾಕ್ಷನ್ ಜೊತೆ ಬೆರೆಸಿ. ಹಾಲನ್ನು ಇಳಿಸಿ ಎರಡು ನಿಮಿಷ ಆರಿಸಿ ಕೊನೆಗೆ ಹೊಯ್ಯಿರಿ. ಬೆಲ್ಲ ಹಾಕಿದ ಮೇಲೆ ಮತ್ತೆ ಒಲೆಗೆ ಇಡಬೇಡಿ. ಓಲೆ ಬೆಲ್ಲ (ತಾಳೆ ಮರದ ಬೆಲ್ಲ) ಸಿಕ್ಕಿದರೆ ಅದನ್ನೇ ಹಾಕಿ. ಅದರ ಹೊಗೆಗಂಪು ಕಾಫಿಗೆ ಬಹಳ ಒಪ್ಪುತ್ತದೆ.

ಮಗಳ ತಣ್ಣಗಿನ ಕಾಫಿಗೆ ನೀರಿನ ಐಸ್ ಹಾಕಿದರೆ ಕರಗಿ ನೀರಾಗುತ್ತದೆ. ಮಿಕ್ಕ ಡಿಕಾಕ್ಷನ್ ಅನ್ನೇ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟು, ಕಾಸಿ ತಣಿಸಿದ ಹಾಲಿಗೆ ಮೂರು ನಾಲ್ಕು ಗಟ್ಟಿ ಹಾಕುತ್ತಾಳೆ. ಕರಗಿದ ಹಾಗೆ ಕಾಫಿ ಗಟ್ಟಿಯೇ ಆಗುತ್ತಾ ಹೋಗುತ್ತದೆ.

ಸಂಜೆ ನಾಲ್ಕರ ಮೇಲೆ ಅತ್ತೆಗೆ ಡಿಕಾಕ್ಷನ್ ಅರ್ಧ ಮಾಡುತ್ತೇನೆ, ಇಲ್ಲದಿದ್ದರೆ ರಾತ್ರಿ ನಿದ್ದೆ ಬಾರದು. ರಕ್ತ ಕಡಿಮೆ ಇರುವವರು ಊಟದ ಜೊತೆಗೆ ಕಾಫಿ ಕುಡಿಯಬೇಡಿ, ಆಹಾರದ ಕಬ್ಬಿಣ ಮೈಗೆ ಹತ್ತುವುದಕ್ಕೆ ಅದು ಅಡ್ಡಿ. ಒಂದು ಗಂಟೆ ಬಿಟ್ಟು ಕುಡಿಯಿರಿ. ಬಸುರಿಯರು ಎಷ್ಟು ಕುಡಿಯಬಹುದು ಎಂದು ತಮ್ಮ ವೈದ್ಯರನ್ನು ಕೇಳಬೇಕು.

ರುಚಿ ತಿದ್ದುವುದು

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪುಡಿಯನ್ನೂ ಹಾಲನ್ನೂ ಒಟ್ಟಿಗೆ ಬದಲಿಸಿದರೆ ರುಚಿ ಬದಲಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಮೂರು ದಿನ ಹಾಗೇ ಕುಡಿದು, ಕ್ಯಾಲೆಂಡರಿನ ಬದಿಯಲ್ಲಿ ಒಂದು ಸಾಲು ಬರೆದಿಡಿ.

ಗಂಟಲಲ್ಲಿ ನಿಲ್ಲುವ ಕಹಿ ಇದ್ದರೆ ನೀರು ಅತಿ ಬಿಸಿಯಿತ್ತು, ಅಥವಾ ಗಂಟೆಗಟ್ಟಲೆ ಇಳಿದಿದೆ, ಅಥವಾ ಬೀಜ ಕಪ್ಪಗೆ ಹುರಿದದ್ದು. ಹುಳಿ ಮುಂದಾದರೆ ನೀರು ಆರಿಹೋಗಿತ್ತು, ಇಲ್ಲವೇ ತರಿ ದಪ್ಪವಾಯಿತು. ಬಣ್ಣ ಇದ್ದೂ ಪರಿಮಳ ಇಲ್ಲದಿದ್ದರೆ ಪುಡಿ ಹಳತು ಅಥವಾ ಚಿಕೋರಿ ಹೆಚ್ಚು. ಎಲ್ಲ ಸರಿಯಿದ್ದೂ ಎಣ್ಣೆ ಕಮಟು ಬಂದರೆ ಫಿಲ್ಟರನ್ನೇ ಮೂಸಿ ನೋಡಿ.

ಹೋಟೆಲಿನ ಕಾಫಿಯ ಹಾಗೆ ಮನೆಯದು ಆಗುವುದಿಲ್ಲ ಎಂಬ ಮಾತು ಉಡುಪಿಯಲ್ಲಿ ಹೆಚ್ಚು ಕೇಳುತ್ತದೆ, ಕೇಳುವುದು ಸಹಜವೂ ಹೌದು. ಬೆಂಗಳೂರಿನ ಎಂಟಿಆರ್ 1924ರಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಿಂದ ಶುರುವಾದಾಗ ಅದನ್ನು ಕಟ್ಟಿದವರು ಇಲ್ಲೇ ಕೋಟದ ಬಳಿಯ ಪಾರಂಪಳ್ಳಿಯ ಮಯ್ಯರು. ಹೋಟೆಲಿನಲ್ಲಿ ಡಿಕಾಕ್ಷನ್ ಹೊತ್ತು ಹೊತ್ತಿಗೆ ಹೊಸದಾಗಿ ಇಳಿಯುತ್ತಲೇ ಇರುತ್ತದೆ, ಹಾಲು ಸದಾ ಬಿಸಿಯಿರುತ್ತದೆ, ಪುಡಿ ಡಬ್ಬಿಯಲ್ಲಿ ಕೂತು ಹಳತಾಗುವುದೇ ಇಲ್ಲ. ಅವರ ರುಚಿಯ ಹಿಂದಿರುವುದು ಈ ಮೂರೇ ಸಂಗತಿ, ಮೂರೂ ಮನೆಯಲ್ಲಿ ಆಗುವಂಥವೇ. “ಕಾಫಿಯಾ, ಚಾವಾ?” ಎಂದು ಕೇಳಿದಾಗ ಚಾ ಎನ್ನುತ್ತಿದ್ದ ನಮ್ಮ ನೆಂಟರು ಈಗ ನಮ್ಮ ಮನೆಯಲ್ಲಿ ಮಾತ್ರ ಕಾಫಿ ಎನ್ನುತ್ತಾರೆ. ಸಜ್ಜಿಗೆ-ಬಜಿಲ್ (ಉಪ್ಪಿಟ್ಟು-ಅವಲಕ್ಕಿ) ಜೊತೆಗಂತೂ ಎರಡನೇ ಲೋಟ ಕೇಳಿಯೇ ಕೇಳುತ್ತಾರೆ.

ಫಿಲ್ಟರ್ ತೊಳೆಯುವುದು

ಪರಿಮಳದ ಸಾಬೂನು ತಾಗಿಸಬೇಡಿ. ಚರಟ ತೆಗೆದ ಕೂಡಲೇ ಬಿಸಿನೀರು ಹೊಯ್ದು ತೆಂಗಿನ ನಾರಿನಿಂದ ಉಜ್ಜಿದರೆ ದಿನದ ಮಟ್ಟಿಗೆ ಸಾಕು. ತಿಂಗಳಿಗೊಮ್ಮೆ ಬೆಳಕಿಗೆ ಹಿಡಿದು ತೂತುಗಳನ್ನು ನೋಡಿ. ಕಟ್ಟಿದ್ದರೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಉಳಿದದ್ದನ್ನು ಸೂಜಿಯಿಂದ ಬಿಡಿಸಿ. ಹಿತ್ತಾಳೆ ಫಿಲ್ಟರಿನ ಒಳಗೆ ಕಲಾಯಿ ಹೋಗಿದ್ದರೆ ಮತ್ತೆ ಕಲಾಯಿ ಹಾಕಿಸಿದ ಮೇಲೆಯೇ ಬಳಸಿ.

ಚರಟವನ್ನು ಬಿಸಾಡಬೇಡಿ. ಒಣಗಿಸಿ, ಗೊಬ್ಬರದ ಜೊತೆ ಕಲಸಿ ಮಲ್ಲಿಗೆ ಬುಡಕ್ಕೆ ಹಾಕಬಹುದು. ದಪ್ಪಗೆ ಹಾಗೇ ಸುರಿದರೆ ಹೊಪ್ಪಳೆ ಕಟ್ಟಿ ನೀರು ಕೆಳಗಿಳಿಯದು, ಅದಕ್ಕೆ ಒಂದು ಚಟ್ಟಿಗೆ ವಾರಕ್ಕೊಂದು ಹಿಡಿ ಮಾತ್ರ. ತೊಳೆದ ಫಿಲ್ಟರಿನ ನಾಲ್ಕೂ ಭಾಗಗಳನ್ನು ಬಿಡಿಬಿಡಿಯಾಗಿ ಒಣ ಬಟ್ಟೆಯ ಮೇಲೆ ಕವುಚಿಡಿ, ಮಳೆಗಾಲವಾದರೆ ಒಲೆಯ ಬಿಸಿ ತಾಗುವಲ್ಲಿ. ಒದ್ದೆಯಿದ್ದಾಗ ಒಂದರೊಳಗೊಂದು ಕೂರಿಸಿಟ್ಟರೆ ಮರುದಿನ ಬೆಳಗ್ಗೆ ಮುಗ್ಗಲು ವಾಸನೆ ಬರುತ್ತದೆ.